ಪಡುವಣ ಬಾಗಿಲು ಮಲ್ಪೆ

ಮುಳಬಾಗಿಲು ಎಂಬುದು ‘ಮೂಡಲ ಬಾಗಿಲು’ ಸವೆದು ಆದ ಹೆಸರು. ಮೂಡಣ ದಿಕ್ಕಿನಿಂದ ಮೈಸೂರು ಸೀಮೆಗೆ ಬರುವವರು ದಾಟಬೇಕಾಗಿದ್ದ ಬಾಗಿಲು ಅದು. ಹಾಗಾದರೆ ಪಡುವಣ ಬಾಗಿಲು ಎಲ್ಲಿದೆ ಎಂದು ಏಳನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ್ದ. ಅಂಥ ಹೆಸರಿನ ಊರು ನಕಾಶೆಯಲ್ಲಿ ಸಿಗುವುದಿಲ್ಲ. ಆದರೆ ಮುಳಬಾಗಿಲಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ನ್ನೇ ಹಿಡಿದು ಕೋಲಾರ, ಬೆಂಗಳೂರು, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ರಸ್ತೆ ನಮ್ಮನ್ನು ಮಂಗಳೂರಿನ ಮಗ್ಗುಲಿಗೆ ತಂದು ಬಿಡುತ್ತದೆ. ಅಲ್ಲಿಂದ ಕಡಲ ದಂಡೆಗುಂಟ ಉತ್ತರಕ್ಕೆ ಹೊರಟರೆ ಉಡುಪಿ. ಉಡುಪಿಯಿಂದ ಪಶ್ಚಿಮಕ್ಕೆ ಆರು ಕಿಲೋಮೀಟರ್ ಹೋದರೆ ಮಲ್ಪೆ. ಮುಂದೆ ರಸ್ತೆಯಿಲ್ಲ, ನೀರೇ ನೀರು. ಆ ಹುಡುಗನಿಗೆ ನಾನು ಪಡುವಣ ಬಾಗಿಲೆಂದು ತೋರಿಸಿದ್ದು ಈ ಮಲ್ಪೆಯನ್ನು.

ಕೋಲಾರ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ನೀರು ಕುದಿಸಿ ಉಷ್ಣಮಾಪಕ ಇಟ್ಟರೆ ಪಾದರಸ 97 ಡಿಗ್ರಿಯ ಸುತ್ತ ನಿಂತುಬಿಡುತ್ತದೆ. ಪುಸ್ತಕದಲ್ಲಿ 100 ಎಂದಿದೆಯಲ್ಲ ಸಾರ್ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಪುಸ್ತಕ ಹೇಳುವುದು ಕಡಲ ಮಟ್ಟದ ಲೆಕ್ಕ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಬೇಗ ಕುದಿಯುತ್ತದೆ. ಮಲ್ಪೆಯಲ್ಲಿ ಅದೇ ಉಷ್ಣಮಾಪಕ ಪುಸ್ತಕದ ಮಾತನ್ನು ಉಳಿಸಿಕೊಡುತ್ತದೆ. ಇನ್ನೊಂದು ಲೆಕ್ಕವೂ ನಮ್ಮ ಮಕ್ಕಳಿಗೆ ತಿಳಿದಿರಬೇಕು. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚುವವರೆಗೆ ಅಲ್ಲಿ ತಳದಲ್ಲಿ ದುಡಿಯುತ್ತಿದ್ದವರು ಮಲ್ಪೆಯ ಕಡಲ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ ಇರುತ್ತಿದ್ದರು. ಸಮುದ್ರವನ್ನೇ ಕಾಣದ ಎಷ್ಟೋ ಮಂದಿ ಸಮುದ್ರಕ್ಕಿಂತ ಕೆಳಗೆ ಇಳಿದು ಹತ್ತಿ ಬಂದವರು ಎಂಬುದು ನಮ್ಮ ಜಿಲ್ಲೆಯ ಒಂದು ವಿಚಿತ್ರ.

ಮಳೆಯ ಮಾತಿಗೆ ಬಂದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಬಿದ್ದರೆ ಒಳ್ಳೆಯ ವರ್ಷ. ಉಡುಪಿಯ ಕಡೆ 4000 ಮಿಲಿಮೀಟರ್ ದಾಟುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ತಗುಲಿ ಮೇಲೇರಿ, ತಣಿದು, ಅಲ್ಲೇ ಬರಿದಾಗುತ್ತದೆ. ಘಟ್ಟ ದಾಟಿ ಬಯಲು ಸೀಮೆಗೆ ಬರುವುದು ಬಸಿದುಳಿದ ಗಾಳಿ. ಹೀಗಾಗಿ ಅವರದು ಹೊಳೆಗಳ ನಾಡು, ನಮ್ಮದು ಕೆರೆಗಳ ನಾಡು. ಅವರು ಮಳೆ ನಿಲ್ಲಲಿ ಎಂದು ಕಾಯುತ್ತಾರೆ, ನಾವು ಬರಲಿ ಎಂದು.

ಮಲ್ಪೆಯನ್ನು ಬಾಗಿಲು ಎನ್ನಲು ಕಾರಣ ಈಜಿಪ್ಟಿನ ಒಂದು ತಿಪ್ಪೆಗುಂಡಿಯಲ್ಲಿ ಸಿಕ್ಕಿತು. ಕೈರೋ ನಗರದಿಂದ ಸುಮಾರು 160 ಕಿ.ಮೀ. ದಕ್ಷಿಣದಲ್ಲಿ ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣವಿತ್ತು. ಅಲೆಕ್ಸಾಂಡರನ ದಂಡಯಾತ್ರೆಯ ಅನಂತರ ಗ್ರೀಕ್ ಮಾತನಾಡುವ ಜನ ಅಲ್ಲಿ ನೆಲೆಸಿದ್ದರು. 1896-97ರ ಚಳಿಗಾಲದಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಆ ಪಟ್ಟಣದವರು ಕಸ ಸುರಿಯುತ್ತಿದ್ದ ದಿಬ್ಬಗಳನ್ನು ಅಗೆಯಲು ಆರಂಭಿಸಿದರು. ಸಿಕ್ಕಿದ್ದು ಚಿನ್ನವಲ್ಲ, ರಾಶಿ ರಾಶಿ ಪಪೈರಸ್ ಚೂರುಗಳು. ಪಪೈರಸ್ ಎಂದರೆ ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡು. ಅದರ ತಿರುಳನ್ನು ಸೀಳಿ, ಅಡ್ಡಡ್ಡ ಜೋಡಿಸಿ, ಬಡಿದು ಒಣಗಿಸಿದರೆ ಬರೆಯುವ ಹಾಳೆಯಾಗುತ್ತದೆ. ತೆರಿಗೆ ಚೀಟಿ, ಪತ್ರ, ಸಾಲದ ಲೆಕ್ಕ, ಕಾವ್ಯ, ನಾಟಕ ಎಲ್ಲವೂ ಆ ರಾಶಿಯಲ್ಲಿ ಬೆರೆತುಹೋಗಿದ್ದವು. ಮಳೆಯೇ ಇಲ್ಲದ ಮರಳಿನಲ್ಲಿ ಹುದುಗಿದ್ದರಿಂದ ಎರಡು ಸಾವಿರ ವರ್ಷ ಉಳಿದವು. ಇದೇ ಹಾಳೆಯನ್ನು ಮಲ್ಪೆಯಲ್ಲಿ ಹೂಳಿದ್ದರೆ ಎರಡು ಮಳೆಗಾಲಕ್ಕೆ ಗೊಬ್ಬರವಾಗುತ್ತಿತ್ತು. ನಮ್ಮ ಕರಾವಳಿಯ ಕಥೆಯೊಂದು ಉಳಿಯಲು ಆಫ್ರಿಕದ ಮರುಭೂಮಿ ಬೇಕಾಯಿತು.

ಆ ಚೂರುಗಳಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. 1903ರಲ್ಲಿ ಪ್ರಕಟವಾಯಿತು. ಹಾಳೆ ಕ್ರಿ.ಶ. ಎರಡನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಕಥೆ ಸರಳ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕಿ, ಚಂದ್ರದೇವತೆಯ ಗುಡಿಯೊಂದರಲ್ಲಿ ಇದ್ದಾಳೆ. ಅವಳ ಅಣ್ಣ ಹಡಗಿನವರೊಡನೆ ಬಿಡಿಸಿಕೊಂಡು ಹೋಗಲು ಬರುತ್ತಾನೆ. ಜೊತೆಗೊಬ್ಬ ವಿದೂಷಕ. ಅವನ ಹಾಸ್ಯ ಎಷ್ಟು ಒರಟೆಂದರೆ ಮಕ್ಕಳು ಓದುವ ಪುಟದಲ್ಲಿ ವಿವರಿಸುವಂತಿಲ್ಲ, ಆದರೆ ವಿವರಿಸಿದರೆ ಅವರಷ್ಟು ನಗುವವರು ಬೇರೆ ಯಾರೂ ಇರಲಾರರು. ಸ್ಥಳೀಯ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಮತ್ತೇರಿದಾಗ ಹುಡುಗಿಯನ್ನು ಹಡಗಿಗೆ ಹತ್ತಿಸಿಕೊಂಡು ಪರಾರಿಯಾಗುತ್ತಾರೆ. ನಡುನಡುವೆ ಡೋಲು ಬಾರಿಸಬೇಕೆಂಬ ಸೂಚನೆಗಳೂ ಹಾಳೆಯಲ್ಲಿವೆ. ಎಂದರೆ ಇದು ಆಡಿದ ನಾಟಕ, ಓದಲು ಬರೆದದ್ದಲ್ಲ.

ನಮಗೆ ಬೇಕಾದದ್ದು ಆ ರಾಜನ ಮತ್ತು ಪರಿವಾರದ ಮಾತು. ಅವರು ಆಡುವುದು ಗ್ರೀಕ್ ಅಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ಬೇರೆ ಯಾವುದೋ ಭಾಷೆ. ಶಾಸನ ತಜ್ಞ ಹುಲ್ಟ್ಸ್ ಅವರು 1904ರಲ್ಲಿ ಅದು ಕನ್ನಡವಿರಬಹುದೆಂದು ಮೊದಲು ಸೂಚಿಸಿದರು. ಬೇರೆ, ಕೊಂಚ, ಮಧು, ಪಾತ್ರ ಎಂಬಂಥ ಪದಗಳನ್ನು ಅವರು ಅಲ್ಲಿ ಕಂಡರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು 1920ರ ದಶಕದಲ್ಲಿ ಇದನ್ನು ಕೈಗೆತ್ತಿಕೊಂಡು ಇನ್ನಷ್ಟು ಸಾಲುಗಳನ್ನು ಕನ್ನಡವಾಗಿ ಬಿಡಿಸಿದರು. ಗ್ರೀಕ್ ಬಲ್ಲ ಮಂಜೇಶ್ವರದ ಗೋವಿಂದ ಪೈಗಳು ನಾಟಕ ನಡೆದ ಸ್ಥಳ ಉದ್ಯಾವರ ಎಂದರು. ಇತಿಹಾಸಕಾರ ಬಿ.ಎ. ಸಾಲೆತೊರೆಯವರು ಅದನ್ನು ಒಪ್ಪದೆ, ಮಲ್ಪೆಗೆ ಒಂದು ಮೈಲಿ ದೂರದ ವಡಭಾಂಡೇಶ್ವರವೇ ಆ ತಾಣ ಎಂದರು. ಎರಡೂ ಕೂಗಳತೆಯ ಊರುಗಳೇ. ಇನ್ನು ಕೆಲವರು ಅದು ತುಳು ಎನ್ನುತ್ತಾರೆ. ಲಂಡನ್ನಿನ ಎಲ್.ಡಿ. ಬಾರ್ನೆಟ್ ಅವರಂತೂ 1926ರಲ್ಲೇ ಇದು ಕನ್ನಡವಲ್ಲ ಎಂದು ವಾದಿಸಿದ್ದರು. ನಮ್ಮ ಸಿನಿಮಾಗಳಲ್ಲಿ ಕಾಡುಜನರ ಬಾಯಲ್ಲಿ ಅರ್ಥವಿಲ್ಲದ ಸದ್ದು ಹೊರಡಿಸುವಂತೆ, ಗ್ರೀಕ್ ನಾಟಕಕಾರ ನಗಿಸಲೆಂದು ಕಟ್ಟಿದ ಮಾತೇ ಇರಬಹುದು ಎನ್ನುವವರೂ ಇದ್ದಾರೆ.

ವಿಜ್ಞಾನದ ಮೇಷ್ಟರಾದ ನನಗೆ ಈ ಜಗಳವೇ ಇಷ್ಟ. ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು. ಈ ಹಾಳೆಯ ಮಾತು ಕನ್ನಡವೆಂದು ಸಾಬೀತಾದರೆ ಅದು ಹಲ್ಮಿಡಿಗಿಂತ ಸುಮಾರು 300 ವರ್ಷ ಹಿಂದಿನದು. ಅಂಥ ದೊಡ್ಡ ಮಾತಿಗೆ ಅಷ್ಟೇ ದೊಡ್ಡ ಸಾಕ್ಷಿ ಬೇಕು. ನಮ್ಮ ಭಾಷೆ ಎಂಬ ಅಭಿಮಾನಕ್ಕೆ ಸಾಕ್ಷಿಯನ್ನು ಹಿಗ್ಗಿಸಬಾರದು, ಹಾಗೆಂದು ಹಾಳೆಯನ್ನು ತಳ್ಳಿಹಾಕಲೂ ಆಗದು. ಭಾಷೆ ಯಾವುದೇ ಇರಲಿ, ಈಜಿಪ್ಟಿನ ಒಂದು ಪಟ್ಟಣದ ಜನ ನಾಟಕದಲ್ಲಿ ಭಾರತದ ಕಡಲ ದಂಡೆಯನ್ನು ಕಂಡು ನಗುತ್ತಿದ್ದರು ಎಂದ ಮೇಲೆ ಆ ದಂಡೆಯ ಪರಿಚಯ ಅವರಿಗೆ ಇದ್ದೇ ಇತ್ತು.

ಪರಿಚಯ ಮಾಡಿಸಿದ್ದು ಮೆಣಸು ಮತ್ತು ಮಾರುತ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಚಳಿಗಾಲದಲ್ಲಿ ಇದು ತಿರುಗುಮುರುಗು. ಜುಲೈ ಸುಮಾರಿಗೆ ಈಜಿಪ್ಟಿನಿಂದ ಹೊರಟ ಹಡಗುಗಳು ನೈಋತ್ಯ ಮಾರುತದ ಬೆನ್ನೇರಿ ಬಂದು, ಸರಕು ತುಂಬಿಕೊಂಡು, ಡಿಸೆಂಬರ್ ಜನವರಿಯಲ್ಲಿ ಈಶಾನ್ಯ ಮಾರುತದೊಡನೆ ಮರಳುತ್ತಿದ್ದವು. ಕೆಂಪು ಸಮುದ್ರದ ಬಾಯಿಂದ ಕೇರಳದ ಮುಜಿರಿಸ್‌ಗೆ 40 ದಿನ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ವರ್ಷಕ್ಕೆ 120 ಹಡಗು ಹೊರಡುತ್ತಿದ್ದವೆಂದು ಸ್ಟ್ರಾಬೊ ಹೇಳುತ್ತಾನೆ. ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರ ಕಾಟವೆಂದೂ ಪ್ಲಿನಿ ಎಚ್ಚರಿಸುತ್ತಾನೆ. ನೇತ್ರಾವತಿಯ ಹೆಸರನ್ನು ನೆನಪಿಸುವ ಆ ತಾಣ ಮಂಗಳೂರಿನ ಕಡೆಯದೆಂದು ಹಲವರ ಊಹೆ. ಅವರ ನಾಣ್ಯಗಳು ಒಳನಾಡಿಗೂ ಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಮಾಲೂರಿನಿಂದ ದಿನವೂ ಬೆಂಗಳೂರಿಗೆ ಹೋಗಿಬರುವವರು ಯಶವಂತಪುರದಲ್ಲಿ ಇಳಿದಾಗ ಇದನ್ನೊಮ್ಮೆ ನೆನೆಯಬಹುದು.

ಮಲ್ಪೆಯ ದಕ್ಷಿಣಕ್ಕೆ ಉದ್ಯಾವರ ಹೊಳೆ ಕಡಲು ಸೇರುತ್ತದೆ. ಸೇರುವ ಮುನ್ನ ಬಹುದೂರ ದಂಡೆಗೆ ಸಮಾನಾಂತರವಾಗಿ ಹರಿಯುತ್ತದೆ. ಅಲೆ ಮರಳನ್ನು ತಂದು ಒಡ್ಡುತ್ತಾ ಹೋಗಿ ಹೊಳೆಗೂ ಕಡಲಿಗೂ ನಡುವೆ ಪಡುಕೆರೆ ಎಂಬ ಉದ್ದನೆಯ ಮರಳಿನ ಪಟ್ಟಿ ಎದ್ದಿದೆ. ಒಂದು ಕಡೆ ಸಿಹಿ-ಉಪ್ಪು ಬೆರೆತ ಹೊಳೆ, ಇನ್ನೊಂದು ಕಡೆ ಬರೀ ಉಪ್ಪು, ನಡುವೆ ತೆಂಗು ಮತ್ತು ಮನೆ. ಆ ಹೊಳೆಯ ಇನ್ನೊಂದು ಹೆಸರು ಪಾಪನಾಶಿನಿ. ನಮ್ಮ ಪಾಪಾಗ್ನಿ ಎಂಬ ಹೆಸರಿಗೂ ಹೆಚ್ಚು ಕಡಿಮೆ ಅದೇ ಅರ್ಥ. ಒಂದು ತುಂಬಿ ಹರಿಯುತ್ತದೆ, ಇನ್ನೊಂದರಲ್ಲಿ ಬಹುಕಾಲ ಮರಳು ಮಾತ್ರ.

ಉದ್ಯಾವರ ಆಳುಪರ ರಾಜಧಾನಿಯಾಗಿತ್ತು. ನಮ್ಮ ಕೋಲಾರ ಕುವಳಾಲ ಎಂಬ ಹೆಸರಿನಿಂದ ಗಂಗರ ಊರಾಗಿದ್ದ ಕಾಲದಲ್ಲೇ ತುಳುನಾಡನ್ನು ಆಳುಪರು ಆಳುತ್ತಿದ್ದರು. ಉದ್ಯಾವರದಲ್ಲಿ ಸಿಕ್ಕ ಹಳಗನ್ನಡದ ಶಿಲಾಶಾಸನಗಳನ್ನು ಓದಿ ಪ್ರಕಟಿಸಿದವರು ಯಾರು ಬಲ್ಲಿರಾ? ಈಜಿಪ್ಟಿನ ಹಾಳೆಯಲ್ಲಿ ಕನ್ನಡ ಕಂಡ ಅದೇ ಹುಲ್ಟ್ಸ್. ಒಂದೇ ಮನೆತನದವರು ಪಟ್ಟಕ್ಕಾಗಿ ಕಾದಾಡಿದ್ದು, ಊರು ಹೊಕ್ಕಿದ್ದು, ಆಳುಗಳು ಬಿದ್ದದ್ದು ಆ ಕಲ್ಲುಗಳಲ್ಲಿದೆ. ರಾಜರ ಜಗಳದಲ್ಲಿ ಸತ್ತ ಸಾಮಾನ್ಯರ ಹೆಸರು ಕಲ್ಲಿನಲ್ಲಿ ಉಳಿದಿರುವುದು ವಿಶೇಷ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಹೊಲಗಳ ಬದುವಿನಲ್ಲಿ ನಿಂತ ವೀರಗಲ್ಲುಗಳ ಮಕ್ಕಳಿಗೆ ಇದು ಅಪರಿಚಿತವೇನಲ್ಲ. ಮುಂದೆ ರಾಜಧಾನಿ ಉತ್ತರದ ಬಾರ್ಕೂರಿಗೆ ಹೋಯಿತು. ಬಾರ್ಕೂರಿನ ಗುಡಿಗಳು, ಕತ್ತಲೆಬಸದಿ ಇವೆಲ್ಲ ಬೇರೆಯೇ ಲೇಖನಕ್ಕೆ ತಕ್ಕವು.

ವಡಭಾಂಡೇಶ್ವರದಲ್ಲಿ ಈಗಿರುವುದು ಬಲರಾಮನ ಗುಡಿ. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ದಡದಿಂದ ದಾರಿ ತೋರಿಸಿದರೆಂದೂ, ಹಡಗಿನವ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣನ ವಿಗ್ರಹವಿತ್ತೆಂದೂ ಐತಿಹ್ಯ. ಮಧ್ವರ ಶಿಷ್ಯ ಪದ್ಮನಾಭತೀರ್ಥರ ಪರಂಪರೆಯ ಮಠ ನಮ್ಮ ಮುಳಬಾಗಿಲಿನಲ್ಲಿದೆ. 15ನೆಯ ಶತಮಾನದ ಶ್ರೀಪಾದರಾಜರ ಬೃಂದಾವನ ಅಲ್ಲಿನ ನರಸಿಂಹತೀರ್ಥದಲ್ಲಿರುವುದು ಎಲ್ಲರಿಗೂ ಗೊತ್ತು. ಮೂಡಲ ಬಾಗಿಲಿಗೂ ಪಡುವಣ ಬಾಗಿಲಿಗೂ ಆರೇಳು ನೂರು ವರ್ಷದಿಂದ ಜನ ನಡೆದೇ ಓಡಾಡಿದ್ದಾರೆ.

ನನಗೆ ಮಲ್ಪೆಯ ಅತ್ಯಂತ ಹಳೆಯ ಇತಿಹಾಸ ಇರುವುದು ದಡದಲ್ಲಲ್ಲ, ದಡದಿಂದ ಸುಮಾರು ಆರು ಕಿ.ಮೀ. ಆಚೆ ನೀರಿನ ನಡುವೆ. ಸೇಂಟ್ ಮೇರೀಸ್ ದ್ವೀಪಗಳಿಗೆ ದೋಣಿಯಲ್ಲಿ ಅರ್ಧ ತಾಸು. ಜನ ಇಳಿಯುವ ತೆಂಗಿನ ದ್ವೀಪದಲ್ಲಿ ಮರಳು ಕಡಿಮೆ, ಚಿಪ್ಪು ಹೆಚ್ಚು. ಅದರ ಅಂಚಿನಲ್ಲಿ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಐದು, ಆರು, ಏಳು ಮುಖದವು. ಕೆಲವು ಆಳೆತ್ತರ ದಾಟುತ್ತವೆ, ಕೆಲವು ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ತುದಿ ಮಾತ್ರ ಕಾಣುತ್ತವೆ. ಶಿಲ್ಪಿಗಳು ಕಡೆದು ನಿಲ್ಲಿಸಿದರೇನೋ ಎಂದು ಮಕ್ಕಳು ಕೇಳುತ್ತಾರೆ. ಕರಾವಳಿಯ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟ. ನಮ್ಮ ಮಕ್ಕಳಿಗೆ ಒಂದೇ ಮಾತು ಸಾಕು: ಬತ್ತಿದ ಕೆರೆಯ ಅಂಗಳ ನೆನೆಸಿಕೊಳ್ಳಿ.

ಏಪ್ರಿಲ್ ತಿಂಗಳಲ್ಲಿ ಕೆರೆಯ ಗೋಡುಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಬಿರುಕುಗಳು ಕೂಡಿ ಐದಾರು ಮೂಲೆಯ ಹೆಂಟೆಗಳಾಗುತ್ತವೆ. ನೀರು ಹೋದಂತೆ ಮಣ್ಣು ಕುಗ್ಗುತ್ತದೆ, ಕುಗ್ಗಿದ್ದು ಹರಿಯಲೇಬೇಕು. ಒಂದು ಬಿಂದುವಿನಿಂದ ಮೂರು ಬಿರುಕು ಸಮ ಕೋನದಲ್ಲಿ ಹೊರಟರೆ ಬಿಗಿತ ಕಡಿಮೆ ಖರ್ಚಿನಲ್ಲಿ ಸಡಿಲಗೊಳ್ಳುತ್ತದೆ. ಅಂಥ ಮೂರು-ಮೂರು ಬಿರುಕುಗಳು ಕೂಡಿದಾಗ ಷಟ್ಕೋನ. ದ್ವೀಪದಲ್ಲಿ ನಡೆದದ್ದೂ ಅದೇ. ಅಲ್ಲಿ ಮಣ್ಣಿನ ಬದಲು ಲಾವಾ, ನೀರು ಆರುವುದರ ಬದಲು ಶಾಖ ಆರಿದ್ದು. ಮೇಲಿನಿಂದ ತಣಿದಂತೆ ಬಿರುಕು ನೇರ ಕೆಳಗಿಳಿಯುತ್ತಾ ಹೋಗಿ ಕಂಬಗಳಾದವು. ಕೆರೆಯ ಹೆಂಟೆ ಒಂದು ಗೇಣು ಆಳ, ಇಲ್ಲಿ ಮೀಟರುಗಟ್ಟಲೆ. ಅಷ್ಟೇ ವ್ಯತ್ಯಾಸ.

ಈ ಲಾವಾ ಉಕ್ಕಿದ್ದು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ. ದಖನ್ನಿನ ಕಪ್ಪು ಶಿಲೆಯ ಹಾಸು ಇದಕ್ಕಿಂತ ಎರಡು ಕೋಟಿ ವರ್ಷ ಈಚಿನದು, ಎರಡನ್ನೂ ಒಂದೇ ಎಂದು ಭಾವಿಸುವವರಿದ್ದಾರೆ. ಆಗ ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಎರಡೂ ಸೀಳಿ ಬೇರೆಯಾಗುವಾಗ ಬಿರುಕಿನಿಂದ ಹೊರಬಂದ ಕರಗಿದ ಶಿಲೆಯ ಒಂದು ಚೂರು ಈ ದ್ವೀಪಗಳು. ಆ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಈಗ ಎರಡರ ನಡುವೆ ಸಾವಿರಾರು ಕಿಲೋಮೀಟರ್ ಕಡಲು. ಗ್ರೀಕರ ಹಡಗು ಬಂದದ್ದು ನಿನ್ನೆ ಮೊನ್ನೆ ಎನಿಸುವುದು ಇಲ್ಲಿ ನಿಂತಾಗ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅಂಥದೇ ಗೌರವ ಪಡೆದ ಇನ್ನೊಂದು ಜಾಗ ನಮ್ಮ ಜಿಲ್ಲೆಯಲ್ಲೇ ಇದೆಯೆಂಬುದು ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು? ಕೆ.ಜಿ.ಎಫ್. ಹತ್ತಿರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ಅವು. ಕೋಲಾರದ ಚಿನ್ನದ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ದ್ವೀಪದ ಕಂಬಗಳು ಅದರ ಮುಂದೆ ಮೊಮ್ಮಕ್ಕಳ ಮೊಮ್ಮಕ್ಕಳು. ಈ ಪಟ್ಟಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಶಿಲೆಗಳಿವೆ. ಲಾವಾ ನೀರಿನ ಅಡಿಯಲ್ಲಿ ಉಕ್ಕಿ ಫಕ್ಕನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಎಂದರೆ ಒಂದು ಕಾಲಕ್ಕೆ, ಬೋರ್‌ವೆಲ್ ಲಾರಿ ಗಡಗಡಿಸುವ ಈ ಸೀಮೆಯ ಮೇಲೂ ನೀರು ತುಂಬಿತ್ತು. ಮಲ್ಪೆಗೆ ಪ್ರವಾಸ ಹೊರಡುವ ಶಾಲೆಗಳು ಮೊದಲು ಪೆದ್ದಪಲ್ಲಿ ನೋಡಿಕೊಂಡು ಹೊರಡಬೇಕೆಂದು ನನ್ನ ಅಭಿಪ್ರಾಯ. ಬಸ್ಸಿನ ಖರ್ಚೂ ಕಡಿಮೆ.

ದ್ವೀಪದ ಹೆಸರು ಪೋರ್ಚುಗೀಸರದು. ವಾಸ್ಕೋ ಡ ಗಾಮ ಇಲ್ಲಿ ಮೊದಲು ಇಳಿದು ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಹೇಳುವುದುಂಟು. ಅವನ ಜೊತೆ ಬಂದವನ ದಿನಚರಿಯ ಪ್ರಕಾರ ಕಲ್ಲಿಕೋಟೆಗೆ ಬಂದದ್ದು 1498ರ ಮೇ ತಿಂಗಳಲ್ಲಿ. ಸಾಂತಾ ಮರಿಯ ಹೆಸರಿನ ಕಂಬ ನೆಟ್ಟದ್ದು ಮರಳುವ ದಾರಿಯಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಪಕ್ಕದ ದರಿಯಾ ಬಹದ್ದೂರ್‌ಗಡ ದ್ವೀಪದಲ್ಲಿ ಕೆಳದಿಯ ನಾಯಕರ ಕೋಟೆಯ ಅವಶೇಷವಿದೆ.

ದಡಕ್ಕೆ ಮರಳಿದರೆ ಮೀನುಗಾರಿಕೆ ಬಂದರು. ರಾಜ್ಯದ ಬಹು ದೊಡ್ಡ ಬಂದರುಗಳಲ್ಲೊಂದು. ಬೆಳಗಿನ ಹರಾಜಿನ ಹೊತ್ತಿಗೆ ಹೋದರೆ ನಮ್ಮ ಕೋಲಾರದ ಟೊಮೆಟೊ ಮಂಡಿಯೇ ನೆನಪಾಗುತ್ತದೆ: ಅದೇ ಕ್ರೇಟು, ಅದೇ ಕೂಗು, ಅದೇ ಅವಸರ. ಎರಡೂ ಸಂಜೆಗೆ ಕೆಡುವ ಸರಕು. ಬಂಗುಡೆ, ಬೂತಾಯಿ, ಅಂಜಲ್ ಎಂಬ ಹೆಸರುಗಳನ್ನು ನಮ್ಮ ಹುಡುಗರು ದಾರಿಯುದ್ದಕ್ಕೂ ಉರುಹೊಡೆದರು. ಮುಂಗಾರಿನಲ್ಲಿ ಗಾಳಿ ಮೇಲಿನ ನೀರನ್ನು ತಳ್ಳಿದಾಗ ತಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇರುತ್ತದೆ. ಅದರಿಂದ ಸೂಕ್ಷ್ಮ ಸಸ್ಯ, ಸಸ್ಯದಿಂದ ಬೂತಾಯಿ. ಹೀಗೆ ಮೀನು ಮರಿ ಮಾಡುವ ಕಾಲಕ್ಕೆಂದೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹಿಂದೆ ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಇತ್ತು. 1970ರ ದಶಕದ ನಡುವಿನಲ್ಲಿ ಯಂತ್ರದ ಪರ್ಸೀನ್ ಬಲೆ ಬಂದು ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಹತ್ತಾರು ಮನೆಗೆ ಹಂಚಿಕೆಯಾಗುತ್ತಿದ್ದ ಮೀನು ದೋಣಿ ಇದ್ದವನ ಪಾಲಾಯಿತು ಎಂದು ಹಿರಿಯರು ಇಂದಿಗೂ ಹೇಳಿಕೊಳ್ಳುತ್ತಾರೆ.

ಇದು ಸುಲಭದ ಅನ್ನವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ್ ಸಮೀಪ ನೀರಿನಡಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಏಳು ಮನೆಗಳವರು ಕಡಲು ನೋಡುತ್ತಾ ಕುಳಿತಿದ್ದರು.

ಮಾಲೂರಿನವರಿಗೆ ಒಂದು ಮಾತು. ಹೆಂಚಿನ ಕಸುಬು ನಮ್ಮ ರಾಜ್ಯಕ್ಕೆ ಬಂದದ್ದೂ ಈ ಬಾಗಿಲಿನಿಂದಲೇ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ. ಮುಂದೆ ಮಲ್ಪೆಯಲ್ಲೂ ಒಂದಾಯಿತು. ಅವರದು ಹೊಳೆಯ ಜೇಡಿ, ಮಾಲೂರಿನದು ಕೆರೆಯ ಜೇಡಿ, ಸುಡುವ ಬೆಂಕಿ ಒಂದೇ.

ದೋಣಿ ಕಾಯುವ ಹೊತ್ತಿನಲ್ಲಿ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ನಮ್ಮಲ್ಲಿ ಮೇಷ್ಟ್ರು, ಅಲ್ಲಿ ಮಾಷ್ಟ್ರು. “ಎಂತ ಮಾಷ್ಟ್ರೇ, ಕೋಲಾರದವರಾ? ನಮ್ಮ ನೇತ್ರಾವತಿ ನೀರು ನಿಮಗೆ ಬೇಕಂತೆ ಅಲ್ವಾ?” ಎಂದರು. ನಗುತ್ತಲೇ ಕೇಳಿದರೂ ಮಾತಿನಲ್ಲಿ ಮುಳ್ಳಿತ್ತು. ಸಕಲೇಶಪುರದ ಬಳಿ ಹುಟ್ಟುವ ಎತ್ತಿನಹೊಳೆ ನೇತ್ರಾವತಿಗೆ ಸೇರುವ ತೊರೆ. ಅದರ ಮಳೆಗಾಲದ ನೀರು 24 ಟಿ.ಎಂ.ಸಿ.ಯಷ್ಟನ್ನು ಪೂರ್ವಕ್ಕೆ ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ತರುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ನಮ್ಮೂರಿನ ಕಥೆ ಅವರಿಗೆ ಹೇಳಿದೆ. ಹಲ್ಲು ಕಂದಿದ ಹುಡುಗನೊಬ್ಬ ಪಕ್ಕದಲ್ಲೇ ನಿಂತಿದ್ದ. ಅವರು ಅವನನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಆದ್ರೆ ಹೊಳೆ ನೀರು ಕಡಲಿಗೆ ಬರದಿದ್ರೆ ಮೀನು ಎಲ್ಲಿಂದ ಬರ್ತದೆ?” ಎಂದರು. ಈ ಪ್ರಶ್ನೆಯನ್ನು ನಮ್ಮವರು ಹಗುರವಾಗಿ ಕಾಣುವುದು ನನಗೆ ಸರಿ ಕಾಣದು. ನದಿಯ ನೀರು ಸಮುದ್ರ ಸೇರಿ ಪೋಲಾಗುತ್ತದೆ ಎಂದು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಆ ನೀರು ಅಳಿವೆಗೆ ಹೂಳು ಒಯ್ಯುತ್ತದೆ, ಮೀನಿನ ಮರಿಗಳಿಗೆ ಆಹಾರ ಒಯ್ಯುತ್ತದೆ, ಉಪ್ಪುನೀರು ಬಾವಿಗಳಿಗೆ ನುಗ್ಗದಂತೆ ತಡೆಯುತ್ತದೆ. ಕುಡಿಯುವ ನೀರು ಕೇಳುವ ಹಕ್ಕು ನಮಗಿದೆ. ಅದು ಪೋಲಾಗುವ ನೀರು ಎಂಬ ಸುಳ್ಳನ್ನು ಹೇಳದೆಯೂ ಕೇಳಬಹುದು. ನಮ್ಮ ಕೆರೆಗಳ ರಾಜಕಾಲುವೆಗಳನ್ನು ಮುಚ್ಚಿದವರು ಕರಾವಳಿಯವರಲ್ಲ ಎಂಬುದೂ ನಿಜ.

ಕೊನೆಯಲ್ಲಿ ಪೋಷಕರಿಗೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಮುಳಬಾಗಿಲು ತಾಲ್ಲೂಕಿನ ಶಾಲೆಯ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡರು. ಆ ನೋವು ನಮ್ಮ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಪ್ರವಾಸವೇ ಬೇಡ ಎಂದ ತಂದೆತಾಯಿಗಳನ್ನು ನಾನು ದೂರುವುದಿಲ್ಲ. ಆದರೆ ಕಡಲು ಹೇಗೆ ಸೆಳೆಯುತ್ತದೆ ಎಂಬುದು ಕಳುಹಿಸುವವರಿಗೂ ಹೋಗುವವರಿಗೂ ತಿಳಿದಿರಲಿ. ಅಲೆಗಳು ಒಂದರ ಹಿಂದೊಂದು ದಡಕ್ಕೆ ನೀರು ತಂದು ಸುರಿಯುತ್ತವೆ. ಆ ನೀರು ಮರಳಬೇಕಲ್ಲ? ಮರಳಿನ ದಿಬ್ಬಗಳ ನಡುವೆ ತಗ್ಗಿದ್ದ ಕಡೆ ಕಿರಿದಾದ ಹರಿವಾಗಿ ರಭಸದಿಂದ ಹಿಂದಕ್ಕೆ ಓಡುತ್ತದೆ. ಮೋಸವಿರುವುದು ಇಲ್ಲೇ. ಅಲೆ ಒಡೆಯುವ ಜಾಗ ಭಯಾನಕವಾಗಿ ಕಾಣುತ್ತದೆ, ಈ ಹರಿವಿನ ಜಾಗ ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಶಾಂತ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ನಮ್ಮ ಹುಡುಗರು ಬಾವಿ, ಕುಂಟೆಗಳಲ್ಲಿ ಈಜು ಕಲಿತವರು, ನಿಂತ ನೀರಿನ ಧೈರ್ಯ ಅವರದು. ಹರಿವಿಗೆ ಸಿಕ್ಕಿದವನು ದಡದ ಕಡೆಗೇ ಕೈಬೀಸಿದರೆ ಸೋಲುತ್ತಾನೆ. ಅದರ ಅಗಲ ಹೆಚ್ಚಿರುವುದಿಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡ ಹಿಡಿಯಬೇಕು. ಆಗದಿದ್ದರೆ ಬೆನ್ನಡಿಯಾಗಿ ತೇಲುತ್ತಾ ಕೈಯೆತ್ತಬೇಕು. ಈಜು ಬಾರದವರು ಪಾದ ನೆನೆಯುವಷ್ಟಕ್ಕೆ ನಿಲ್ಲಲಿ. ದ್ವೀಪದ ಬಂಡೆಗಳ ಅಂಚು ಪಾಚಿಯಿಂದ ಜಾರುತ್ತದೆ, ಫೋಟೊ ತೆಗೆಯಲು ಅಲ್ಲಿಗೆ ಹೋಗಲೇಬಾರದು. ಕೆಂಪು ಬಾವುಟ ಕಂಡರೆ ನೀರಿಗಿಳಿಯುವ ಮಾತೇ ಇಲ್ಲ.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಬೆಂಗಳೂರಿನಿಂದ ಉಡುಪಿಗೆ ರಾತ್ರಿ ರೈಲು, ಬಸ್ಸು ಎರಡೂ ಇವೆ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸುಗಳು ಓಡುತ್ತಲೇ ಇರುತ್ತವೆ. ದ್ವೀಪದಲ್ಲಿ ನೆರಳೂ ಕಡಿಮೆ, ಕುಡಿಯುವ ನೀರನ್ನು ಇಲ್ಲಿಂದಲೇ ಒಯ್ಯಬೇಕು. ಖಾಲಿಯಾದ ಬಾಟಲಿಯನ್ನು ಅಲ್ಲಿ ಎಸೆಯದೆ ಅದರಲ್ಲಿ ಒಂದು ಲೀಟರ್ ಕಡಲ ನೀರು ತುಂಬಿ ತನ್ನಿ. ಶಾಲೆಯಲ್ಲಿ ಆವಿಯಾಗಿಸಿ ತೂಗಿದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಕುದಿಯುವಾಗ ಉಷ್ಣಮಾಪಕವನ್ನೂ ನೋಡಿ, ಉಪ್ಪು ನೀರು ಸಿಹಿನೀರಿಗಿಂತ ಸ್ವಲ್ಪ ತಡವಾಗಿ ಕುದಿಯುತ್ತದೆ.